ಬೋರ್ಡು ಕನ್ನಡದ್ದು, ಬಾಗಿಲು ಮಾತ್ರ ಬಂದ್!

(ಬೆಂಗಳೂರಿನ ಯುವ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.)



ಮೈಕು ಕೈಗೆ ಸಿಕ್ಕಿದ ಕೂಡಲೇ ಮಯೂರವರ್ಮನಿಂದ ಶುರುಮಾಡಿ, ಪುಲಕೇಶಿಯನ್ನು ಕುದುರೆ ಹತ್ತಿಸಿ, ನಿಮ್ಮ ಕೈಲಿ ಚಪ್ಪಾಳೆ ಹೊಡೆಸಿಕೊಂಡು ಇಳಿದುಹೋಗುವುದು ನಮ್ಮಂಥ ಭಾಷಣಕಾರರ ಹಳೇ ಚಾಳಿ. ಇವತ್ತು ಅದು ಬೇಡ. ಇವತ್ತು ನಾನು ನನಗೆ ಆದ ಒಂದು ಮುಖಭಂಗದ ಕಥೆಯನ್ನು ನಿಮ್ಮ ಮುಂದೆ ಹೇಳಬೇಕಾಗಿದೆ.

ರಾಜ್ಯೋತ್ಸವದ ಒಂದು ಸಭೆ. ಅಂಗಡಿ ಬೋರ್ಡುಗಳಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿ ಆಯಿತಲ್ಲ, ಅದರ ಬಗ್ಗೆ ಗುಡುಗಿ ಕೆಳಗಿಳಿದೆ. ಬಿಳಿ ಕೋಲು ಹಿಡಿದ ಒಬ್ಬ ಹುಡುಗ ಕಾಯುತ್ತಾ ನಿಂತಿದ್ದ. ಬಿ.ಎ. ಮುಗಿಸಿದವನು. ಹುಟ್ಟಿನಿಂದ ಕಣ್ಣು ಕಾಣದು. "ಅಣ್ಣಾ, ಅರವತ್ತು ಭಾಗ ಕನ್ನಡದ ಮಾತು ಕೇಳಿದೆ, ಸಂತೋಷ. ನನ್ನ ಹತ್ತಿರ ನೂರಕ್ಕೆ ನೂರು ಭಾಗ ಕನ್ನಡ ಇರೋ ಸರ್ಕಾರಿ ಕಾಗದ ಒಂದಿದೆ. ಆದರೆ ಅದರಲ್ಲಿ ಒಂದಕ್ಷರ ಕನ್ನಡವೂ ಇಲ್ಲ. ಕೇಳ್ತೀರಾ?" ಅಂದ.

ಒಗಟು ಹಾಕ್ತಾ ಇದಾನೆ ಅಂದುಕೊಂಡೆ. ಜೇಬಿನಿಂದ ಫೋನು ತೆಗೆದ. ಬೆರಳಿಂದ ಒತ್ತಿದ. ಫೋನು ಓದಲು ಶುರುಮಾಡಿತು: "ಪಿ... ಎ... ಪೌಂಡ್... ಎ... ಕ್ಯೂ... ಎ..."

"ಇದೇನಯ್ಯಾ ಇದು?"

"ಕನ್ನಡ ಅಂತ ಬರೆದಿದೆಯಂತೆ ಅಣ್ಣ."

ಗೆಳೆಯರೇ, ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ಅದು ಕೆಲಸಕ್ಕೆ ಅರ್ಜಿ ಕರೆದ ಒಂದು ಇಲಾಖೆಯ ಪ್ರಕಟಣೆ. ಅಂಗವಿಕಲರಿಗೆ ಮೀಸಲು ಜಾಗ ಇತ್ತು. ಅವನ ಪಕ್ಕದ ಮನೆಯ ಅಕ್ಕ ಅದನ್ನು ಅವನಿಗೆ ಓದಿ ಹೇಳುವ ಹೊತ್ತಿಗೆ ಕೊನೆಯ ದಿನ ಕಳೆದು ನಾಲ್ಕು ದಿನವಾಗಿತ್ತು. ಅಂಧನಿಗೆಂದು ಮೀಸಲಿಟ್ಟ ಹುದ್ದೆ, ಅಂಧನಿಗೇ ಓದಲಾಗದ ಕಾಗದದಲ್ಲಿ! ಇದಕ್ಕಿಂತ ದೊಡ್ಡ ಕುಚೋದ್ಯ ಇದೆಯೇ ನೀವೇ ಹೇಳಿ.

ನಾನು ಅಂದು ರಾತ್ರಿ ಸರಿಯಾಗಿ ಮಲಗಲಿಲ್ಲ. ಮಾರನೇ ದಿನ ಅವನ ಮನೆಗೆ ಹೋದೆ. ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಅವನು ನನಗೆ ಕಲಿಸಿದ್ದನ್ನೇ ಈಗ ನಿಮಗೆ ಹೇಳುತ್ತಿರುವುದು. ಪಾಠ ಅವನದು, ಗಂಟಲು ಮಾತ್ರ ನನ್ನದು.

ಕಣ್ಣು ಕಾಣದವರು ಕಂಪ್ಯೂಟರನ್ನು, ಫೋನನ್ನು ಹೇಗೆ ಬಳಸುತ್ತಾರೆ? ಸ್ಕ್ರೀನ್ ರೀಡರ್ ಅನ್ನುವ ತಂತ್ರಾಂಶ ಇದೆ. ಪರದೆಯ ಮೇಲಿರುವುದನ್ನು ಅದು ಬಾಯಿಬಿಟ್ಟು ಓದುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೇ ಟಾಕ್‌ಬ್ಯಾಕ್ ಎಂಬ ಹೆಸರಿನಲ್ಲಿ ಅದು ಕೂತಿದೆ, ನೀವು ಯಾವತ್ತೂ ಒತ್ತಿ ನೋಡಿಲ್ಲ ಅಷ್ಟೇ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬುದಿದೆ. ಮೈಕೆಲ್ ಕರನ್, ಜೇಮ್ಸ್ ತೇ ಎಂಬ ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಶುರುಮಾಡಿ ಜಗತ್ತಿಗೆಲ್ಲ ಪುಕ್ಕಟೆಯಾಗಿ ಹಂಚಿದ್ದು. ಅದಕ್ಕೆ ಕನ್ನಡ ಓದಲು ಬರುತ್ತದೆ. ದನಿ ಸ್ವಲ್ಪ ಒರಟು, ಹಳೇ ರೇಡಿಯೋದವರಿಗೆ ನೆಗಡಿಯಾದಂತೆ ಕೇಳುತ್ತದೆ. ಆದರೂ ಕನ್ನಡವೇ. ನಮ್ಮ ಹುಡುಗ ಅದನ್ನು ಎಂಥಾ ವೇಗದಲ್ಲಿ ಕೇಳಿಸಿಕೊಳ್ಳುತ್ತಾನೆ ಅಂದರೆ, ನನಗೆ ಒಂದು ಪದವೂ ತಿಳಿಯುವುದಿಲ್ಲ. ನಾನು ಒಂದು ಪುಟ ಓದುವಷ್ಟರಲ್ಲಿ ಅವನು ಎರಡು ಪುಟ ಮುಗಿಸಿರುತ್ತಾನೆ.

ಅಂದರೆ ಯಂತ್ರ ಇದೆ, ಕನ್ನಡ ದನಿ ಇದೆ, ಕೇಳುವ ಕಿವಿ ಇದೆ. ಹಾಗಾದರೆ ಪೌಂಡ್ ಗುರುತು ಎಲ್ಲಿಂದ ಬಂತು?

ಇದರ ಹಿಂದೆ ನಮ್ಮದೇ ಒಂದು ಇತಿಹಾಸ ಇದೆ, ಸ್ವಲ್ಪ ಗಮನವಿಟ್ಟು ಕೇಳಿ. ಹಳೇ ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಇದ್ದದ್ದು ಇನ್ನೂರೈವತ್ತಾರು ಮನೆ. ಅಷ್ಟರಲ್ಲೂ ಇಂಗ್ಲಿಷಿನ, ಯುರೋಪಿನ ಅಕ್ಷರಗಳು ಆಗಲೇ ಬಾಡಿಗೆಗೆ ಬಂದು ಕೂತಿದ್ದವು. ಕನ್ನಡಕ್ಕೆ ಜಾಗವಿರಲಿಲ್ಲ. ನಮ್ಮ ತಂತ್ರಜ್ಞರು ಏನು ಮಾಡಿದರು? ಆ ಬಾಡಿಗೆದಾರರಿಗೇ ಕನ್ನಡದ ವೇಷ ಹಾಕಿದರು! ಇಂಗ್ಲಿಷಿನ 'ಪಿ'ಗೆ 'ಕ'ಕಾರದ ಒಡಲಿನ ವೇಷ. ತಲೆಮೇಲೆ ಗೀಟು ಇರುವ 'ಎ'ಗೆ ನಮ್ಮ ತಲೆಕಟ್ಟಿನ ವೇಷ. ಬ್ರಿಟಿಷರ ಪೌಂಡ್ ಗುರುತಿಗೆ 'ನ'ಕಾರದ ವೇಷ. ಜರ್ಮನರ ಒಂದು ವಿಚಿತ್ರ ಅಕ್ಷರಕ್ಕೆ ನಕಾರದ ಒತ್ತಿನ ವೇಷ. 'ಕ್ಯೂ'ಗೆ 'ಡ'ಕಾರದ ವೇಷ. ಕಣ್ಣಿಗೆ ನೋಡಿದರೆ ಅಪ್ಪಟ ಕನ್ನಡ. ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ ಪಿ, ಎ, ಪೌಂಡ್. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಹೊಟ್ಟೆಯೊಳಗಿದ್ದದ್ದನ್ನು ಓದುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಆ ಕಾಲದಲ್ಲಿ ಅದು ಸಾಹಸವೇ. ಕನ್ನಡದ ಕೀಲಿಮಣೆಗೆ ದಾರಿ ತೋರಿದ ಕೆ.ಪಿ. ರಾಯರು, 1998ರಲ್ಲಿ 'ಬರಹ' ಕೊಟ್ಟ ಶೇಷಾದ್ರಿವಾಸು, 'ನುಡಿ' ಕಟ್ಟಿದ ಕನ್ನಡ ಗಣಕ ಪರಿಷತ್ತಿನವರು, ಇವರಿಗೆಲ್ಲ ಕೈಮುಗಿಯಬೇಕು. ಅವರಿಲ್ಲದಿದ್ದರೆ ಕಚೇರಿಗಳಿಗೆ ಕನ್ನಡ ಟೈಪಿಂಗೇ ಬರುತ್ತಿರಲಿಲ್ಲ. ತಪ್ಪು ಅವರದಲ್ಲ. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಮನೆ ಸಿಕ್ಕಿದೆ, ಅಲ್ಲಿ 'ಕ' ಅಂದರೆ 'ಕ'ವೇ. ನುಡಿಯಲ್ಲೇ ಈಗ ಯೂನಿಕೋಡಿನಲ್ಲಿ ಬರೆಯಬಹುದು. ಆದರೆ ಅದೆಷ್ಟೋ ಕಚೇರಿಗಳಲ್ಲಿ ನಮ್ಮ ಬಾಬುಗಳು ಇಂದಿಗೂ ಹಳೇ ಫಾಂಟನ್ನೇ ಅಪ್ಪಿಕೊಂಡು ಕೂತಿದ್ದಾರೆ. ಸ್ವಂತ ಮನೆ ಇದ್ದೂ ಬಾಡಿಗೆ ಮನೆಯಲ್ಲಿ ಇರುವವರನ್ನು ಏನೆನ್ನುತ್ತೀರಿ?

ಇದು ಕಣ್ಣು ಕಾಣದವರ ನಷ್ಟ ಮಾತ್ರ ಎಂದುಕೊಂಡರೆ ತಪ್ಪು. ಆ ಕಾಗದವನ್ನು ನೀವು ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿ ನೋಡಿ. ಸಿಗುವುದಿಲ್ಲ! ಯಾಕೆಂದರೆ ಗೂಗಲ್‌ಗೂ ಅದು ಪೌಂಡ್ ಗುರುತೇ. ಕುರುಡನಿಗೆ ಕಾಣದ್ದು ನಿಮಗೂ ಕಾಣುತ್ತಿಲ್ಲ.

ಇನ್ನೊಂದು ರೋಗ ಇದೆ, ಇದಕ್ಕಿಂತ ಘೋರ. ಆದೇಶವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಅದನ್ನು ಪ್ರಿಂಟ್ ತೆಗೆಯುತ್ತಾರೆ. ಸಾಹೇಬರು ಹಸಿರು ಶಾಯಿಯಲ್ಲಿ ಸಹಿ ಹಾಕುತ್ತಾರೆ. ಗುಮಾಸ್ತ ಸೀಲು ಒತ್ತುತ್ತಾನೆ. ಆಮೇಲೆ ಆ ಕಾಗದದ ಫೋಟೋ ಹೊಡೆದು, ಅದನ್ನು ಪಿಡಿಎಫ್ ಎಂದು ಕರೆದು ವೆಬ್‌ಸೈಟಿಗೆ ಏರಿಸುತ್ತಾರೆ. ಟೈಪ್ ಮಾಡುವಾಗ ಅಕ್ಷರವಾಗಿದ್ದದ್ದು ಈಗ ಚಿತ್ರ. ಸ್ಕ್ರೀನ್ ರೀಡರ್ ಅದರ ಮುಂದೆ ನಿಂತು "ಖಾಲಿ ಪುಟ" ಎನ್ನುತ್ತದೆ. ಹತ್ತು ಪುಟದ ಆದೇಶ, ಹತ್ತೂ ಖಾಲಿ! ಕೇಳಿದರೆ, ಸಹಿ ಕಾಣಬೇಕಲ್ಲ ಸ್ವಾಮೀ ಅಂತಾರೆ. ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೇ ಮಾನ್ಯತೆ ಸಿಕ್ಕಿದೆ. ಅದೂ ಬೇಡವೆಂದರೆ ಫೋಟೋದ ಪಕ್ಕದಲ್ಲಿ ಅದೇ ಮಾತನ್ನು ಅಕ್ಷರದಲ್ಲಿ ಹಾಕಲು ಇವರಪ್ಪನ ಗಂಟೇನು ಹೋಗುತ್ತದೆ? ಟೈಪ್ ಮಾಡಿದ ಕಡತ ಆ ಗುಮಾಸ್ತನ ಕಂಪ್ಯೂಟರಿನಲ್ಲಿ ಹಾಗೇ ಬಿದ್ದಿರುತ್ತದೆ!

ಫೋಟೋದೊಳಗಿನ ಕನ್ನಡವನ್ನು ಮತ್ತೆ ಅಕ್ಷರ ಮಾಡುವ ವಿದ್ಯೆಯೂ ಉಂಟು. ನಮ್ಮ ಐಐಎಸ್‌ಸಿಯಲ್ಲೇ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡಕ್ಕಾಗಿ ಆ ಕೆಲಸ ಮಾಡಿದೆ. ಆದರೆ ಸೀಲು ಬಿದ್ದು, ವಾರೆಯಾಗಿ, ಮಸುಕಾಗಿ ಹೊಡೆದ ಫೋಟೋದಲ್ಲಿ ಎಂಥಾ ವಿದ್ಯೆಯೂ ಎಡವುತ್ತದೆ. ಮೊದಲು ಕೆಡಿಸಿ ಆಮೇಲೆ ರಿಪೇರಿ ಮಾಡುವ ದರ್ದು ಯಾಕೆ?

ಓದುವುದು ಹಾಗಿರಲಿ, ಅರ್ಜಿ ತುಂಬುವುದು ಇನ್ನೊಂದು ನರಕ. ಪ್ರತಿ ಚೌಕದ ಪಕ್ಕದಲ್ಲಿ "ಹೆಸರು", "ಹುಟ್ಟಿದ ದಿನ" ಎಂದು ನಿಮ್ಮ ಕಣ್ಣಿಗೆ ಕಾಣುತ್ತದೆ. ಆದರೆ ಆ ಹೆಸರನ್ನು ಚೌಕಕ್ಕೆ ಒಳಗಿನಿಂದ ಕಟ್ಟದಿದ್ದರೆ, ಸ್ಕ್ರೀನ್ ರೀಡರ್ "ಬರೆಯಿರಿ, ಬರೆಯಿರಿ, ಬರೆಯಿರಿ" ಅನ್ನುತ್ತದೆ. ಏನು ಬರೆಯಬೇಕು? ದೇವರಿಗೇ ಗೊತ್ತು. ಒತ್ತುವ ಗುಂಡಿಗಳಿಗೆ ಹೆಸರಿಡದಿದ್ದರೆ "ಬಟನ್, ಬಟನ್, ಬಟನ್." ಯಾವುದು ಸಲ್ಲಿಸುವ ಬಟನ್, ಯಾವುದು ಅಳಿಸುವ ಬಟನ್? ನಲವತ್ತು ನಿಮಿಷ ತುಂಬಿದ ಅರ್ಜಿಯನ್ನು ಅವನು ಒಂದು ಸಲ ತಾನೇ ಅಳಿಸಿಬಿಟ್ಟ. ಆಮೇಲೆ ಬರುತ್ತದೆ ಕ್ಯಾಪ್ಚಾ! ಸೊಟ್ಟ ಸೊಟ್ಟ ಅಕ್ಷರದ ಚಿತ್ರ ತೋರಿಸಿ, ನೀನು ಯಂತ್ರವಲ್ಲ ಮನುಷ್ಯ ಎಂದು ಸಾಬೀತು ಮಾಡು ಅನ್ನುತ್ತದೆ. ಅಂದರೆ ಕಣ್ಣಿದ್ದವನು ಮಾತ್ರ ಮನುಷ್ಯ! ಕೆಲವು ಕಡೆ ಕಿವಿಯಲ್ಲಿ ಕೇಳುವ ಕ್ಯಾಪ್ಚಾ ಇಟ್ಟಿರುತ್ತಾರೆ. ಅದು ಇಂಗ್ಲಿಷಿನಲ್ಲಿ ಗೊರಗೊರ ಅನ್ನುತ್ತದೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ಅಂಧ ಹುಡುಗಿ ಎಲ್ಲಿಗೆ ಹೋಗಬೇಕು?

ಹೋಗುವುದು ಸೈಬರ್ ಸೆಂಟರಿಗೆ. ಅಲ್ಲಿ ಯಾರೋ ಒಬ್ಬನಿಗೆ ತನ್ನ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನಿಗೆ ಬಂದ ಒಟಿಪಿ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಸುತ್ತ ಹತ್ತು ಜನ ನಿಂತಿರುತ್ತಾರೆ. ಅವನು ಏನು ತುಂಬಿದ, ಸರಿ ತುಂಬಿದನೋ ಇಲ್ಲವೋ ನೋಡಿಕೊಳ್ಳಲು ಕಣ್ಣಿಲ್ಲ. ಮೇಲೆ ನೂರು ರೂಪಾಯಿ ಬೇರೆ. "ಅಣ್ಣ, ನನಗೆ ಕಣ್ಣಿಲ್ಲ ಅನ್ನೋದು ಬೇಜಾರಿಲ್ಲ. ನನ್ನ ಗುಟ್ಟು ಅಂತ ಒಂದೂ ಉಳಿದಿಲ್ಲ ನೋಡಿ, ಅದು ಬೇಜಾರು" ಅಂದ ಅವನು. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

2011ರ ಜನಗಣತಿಯಂತೆ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರು. ನಮ್ಮ ಕರ್ನಾಟಕದಲ್ಲೇ 13 ಲಕ್ಷಕ್ಕೂ ಮೇಲೆ. ಎಲ್ಲರೂ ಅಂಧರಲ್ಲ. ಕಿವಿ ಕೇಳದವರಿಗೆ ಮಂತ್ರಿಗಳ ವಿಡಿಯೋ ಭಾಷಣದ ಕೆಳಗೆ ಅಕ್ಷರ ಬೇಕು, ಅದೂ ಕನ್ನಡ ಅಕ್ಷರ. ಕೈ ನಡುಗುವವರು ಮೌಸ್ ಹಿಡಿಯಲಾರರು, ಅವರಿಗೆ ಬರೀ ಕೀಲಿಮಣೆಯಲ್ಲೇ ಎಲ್ಲ ಕೆಲಸ ಆಗಬೇಕು. ಬಣ್ಣ ಗುರುತಿಸಲಾಗದವರಿಗೆ "ಕೆಂಪು ಬಣ್ಣದ ಜಾಗ ತುಂಬಿ" ಎಂದರೆ ಏನು ಉಪಯೋಗ? ಬುದ್ಧಿ ನಿಧಾನ ಇರುವವರಿಗೆ "ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಮೇಲ್ಕಾಣಿಸಿದ ಉಲ್ಲೇಖದನ್ವಯ" ಎಂಬ ಭಾಷೆ ಅರ್ಥವಾಗುತ್ತದೆಯೇ? ಅದಿರಲಿ, ನಿಮಗೆ ಅರ್ಥವಾಗುತ್ತದೆಯೇ? ನನಗಂತೂ ಇಲ್ಲ.

ನಮ್ಮ ಸರ್ಕಾರಗಳು ಹೆಸರು ಚೆಂದ ಮಾಡುವುದರಲ್ಲಿ ನಿಸ್ಸೀಮರು. ಅಂಗವಿಕಲ ಎಂಬುದು ವಿಕಲಚೇತನ ಆಯಿತು, ಹಿಂದಿಯಲ್ಲಿ ದಿವ್ಯಾಂಗ ಆಯಿತು. ಹೆಸರಿನಲ್ಲಿ ದಿವ್ಯ, ಅರ್ಜಿಯಲ್ಲಿ ಕತ್ತಲೆ! ಕೆಲವು ವೆಬ್‌ಸೈಟುಗಳ ಮೂಲೆಯಲ್ಲಿ ಅಕ್ಷರ ದೊಡ್ಡದು ಮಾಡುವ, ಬಣ್ಣ ಬದಲಿಸುವ ಗುಂಡಿಗಳನ್ನು ಇಟ್ಟು, ನೋಡಿ ನಾವು ವಿಕಲಚೇತನ ಸ್ನೇಹಿ ಎಂದು ಎದೆ ತಟ್ಟಿಕೊಳ್ಳುತ್ತಾರೆ. ಫೋನಿನಲ್ಲೇ ಇರುವ ಸೌಲಭ್ಯ ಅದು. ಮನೆಗೆ ಮೆಟ್ಟಿಲೇ ಇಲ್ಲ, ಬಾಗಿಲಿಗೆ ತೋರಣ!

ಈಗ ನಮ್ಮ ಹೋರಾಟಕ್ಕೆ ನೇರ ಸಂಬಂಧಪಟ್ಟ ವಿಷಯಕ್ಕೆ ಬರುತ್ತೇನೆ. ಪ್ರತಿ ವೆಬ್ ಪುಟದ ತಲೆಯಲ್ಲಿ, ಇದು ಯಾವ ಭಾಷೆಯ ಪುಟ ಎಂದು ಒಂದು ಸಣ್ಣ ಸಂಕೇತ ಬರೆಯಬೇಕು. ಕನ್ನಡಕ್ಕೆ ಎರಡೇ ಅಕ್ಷರ: ಕೆ, ಎನ್. ಅದನ್ನು ನೋಡಿ ಸ್ಕ್ರೀನ್ ರೀಡರ್ ಕನ್ನಡದ ದನಿಗೆ ಬದಲಾಗುತ್ತದೆ. ಇಂಗ್ಲಿಷ್ ಪುಟವನ್ನು ನಕಲು ಮಾಡಿ ಕನ್ನಡ ತುಂಬುವಾಗ ಎಷ್ಟೋ ಕಡೆ ಆ ಎರಡಕ್ಷರ ಬದಲಿಸುವುದನ್ನೇ ಮರೆತಿರುತ್ತಾರೆ. ಪುಟ ಪೂರ್ತಿ ಕನ್ನಡ, ತಲೆಯಲ್ಲಿ ಮಾತ್ರ "ಇದು ಇಂಗ್ಲಿಷ್" ಎಂಬ ಪಟ್ಟಿ. ಆಗ ಇಂಗ್ಲಿಷ್ ದನಿ ಬಂದು ಕನ್ನಡ ಕಂಡು ತೊದಲುತ್ತದೆ, ಇಲ್ಲವೇ ಬಾಯಿಮುಚ್ಚಿ ಕೂರುತ್ತದೆ. ಹೊರಗಿನ ಬೋರ್ಡಿಗೆ ನಾವು ಬೀದಿಗಿಳಿದೆವು. ಒಳಗಿನ ಈ ಎರಡಕ್ಷರದ ಬೋರ್ಡನ್ನು ನಮ್ಮಲ್ಲಿ ಯಾರಾದರೂ ನೋಡಿದ್ದೇವೆಯೇ? ಅಂಧ ಕನ್ನಡಿಗ ಇಂಗ್ಲಿಷ್ ಕಲಿತರೆ ಮಾತ್ರ ಅವನಿಗೆ ಸರ್ಕಾರ ದಕ್ಕುತ್ತದೆ ಎನ್ನುವುದಾದರೆ, 1963ರ ರಾಜಭಾಷಾ ಕಾಯ್ದೆ ಯಾರಿಗೆ? 1982ರಲ್ಲಿ ಗೋಕಾಕ್ ವರದಿಗಾಗಿ ಲಾಠಿ ತಿಂದದ್ದು ಯಾರಿಗಾಗಿ?

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನಪು ಮಾಡಿಕೊಳ್ಳಿ. ಅಂಧ ಗುರು ಪಂಚಾಕ್ಷರಿ ಗವಾಯಿಗಳು, ಅವರ ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳು. ಪುಟ್ಟರಾಜರು ಹಾಡಿದರು, ವಾದ್ಯ ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಗ್ರಂಥ ಬರೆದರು. 2010ರಲ್ಲಿ ಪದ್ಮಭೂಷಣ ಬಂತು. ಅವರ ಫೋಟೋಗೆ ನಾವು ಹಾರ ಹಾಕುತ್ತೇವೆ. ಅಂಥವರ ಶಿಷ್ಯಕೋಟಿಗೆ ಒಂದು ಬಸ್ ಪಾಸಿನ ಅರ್ಜಿ ತುಂಬಲು ದಾರಿ ಇಲ್ಲದಿದ್ದರೆ ಆ ಹಾರ ಯಾವ ಪುರುಷಾರ್ಥಕ್ಕೆ?

ಕಾನೂನು ಇಲ್ಲವೇ ಅಂತ ಕೇಳುತ್ತೀರಿ. ದಂಡಿಯಾಗಿದೆ! ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲೇ ಒಪ್ಪಿಗೆ ಕೊಟ್ಟಿತು. ಸರ್ಕಾರಿ ವೆಬ್‌ಸೈಟ್ ಹೇಗಿರಬೇಕೆಂಬ ಕೇಂದ್ರದ ಮಾರ್ಗಸೂಚಿ 2009ರಲ್ಲಿ ಬಂತು, 2023ರಲ್ಲಿ ಅದರ ಮೂರನೇ ಆವೃತ್ತಿಯೂ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಹಿಂದೆ ಏಳೇ ಇದ್ದ ಅಂಗವೈಕಲ್ಯದ ಪಟ್ಟಿ ಇಪ್ಪತ್ತೊಂದಾಯಿತು. ಅದರ 42ನೇ ಕಲಂ, ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಇರುವುದೆಲ್ಲ ಇವರಿಗೂ ನಿಲುಕುವಂತೆ ಇರಬೇಕು ಎನ್ನುತ್ತದೆ.

ಆದರೆ ಬಾಬುಗಳಿಗೆ ಒಂದು ಕಿಂಡಿ ಸಿಕ್ಕಿತ್ತು. ಕಾಯ್ದೆ ಕಡ್ಡಾಯ ಎಂದರೂ, ನಿಯಮದಲ್ಲಿ ಮಾರ್ಗಸೂಚಿ ಎಂದಿತ್ತು. ಮಾರ್ಗಸೂಚಿ ಅಂದರೆ ನಮ್ಮ ಕಚೇರಿಗಳಲ್ಲಿ ಏನರ್ಥ? ಮನಸ್ಸು ಬಂದರೆ ಮಾಡು! ಸ್ವತಃ ದೃಷ್ಟಿದೋಷವಿದ್ದ ರಾಜೀವ್ ರತೂರಿ ಎಂಬುವರು 2005ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರು. 2024ರ ನವೆಂಬರ್ 8ರಂದು ಕೋರ್ಟು ಹೇಳಿತು: 15ನೇ ನಿಯಮದ ಮೊದಲ ಭಾಗ ಕಾಯ್ದೆಗೇ ವಿರುದ್ಧ, ಅದು ಬಿದ್ದುಹೋಯಿತು, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ಮಾಡಿ. ತಟ್ಟಿದ್ದು 2005ರಲ್ಲಿ, ಇದು ಬಂದದ್ದು 2024ರಲ್ಲಿ. ಲೆಕ್ಕ ನೀವೇ ಹಾಕಿ.

2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಮೊಕದ್ದಮೆಯಲ್ಲಿ ಇನ್ನೊಂದು ತೀರ್ಪು. ಆಸಿಡ್ ದಾಳಿಗೆ ತುತ್ತಾದ ಹೆಣ್ಣುಮಕ್ಕಳಿಗೆ ಬ್ಯಾಂಕಿನ ಆ್ಯಪು "ಕಣ್ಣು ಮಿಟುಕಿಸಿ" ಎನ್ನುತ್ತಿತ್ತು. ಸುಟ್ಟುಹೋದ ರೆಪ್ಪೆಯನ್ನು ಹೇಗೆ ಮಿಟುಕಿಸುವುದು? ಡಿಜಿಟಲ್ ಸೇವೆ ನಿಲುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಕೋರ್ಟು ಸಾರಿ, ಇಪ್ಪತ್ತು ನಿರ್ದೇಶನ ಕೊಟ್ಟಿತು. ಬದುಕುವ ಹಕ್ಕು, ಗೆಳೆಯರೇ! ಔದಾರ್ಯ ಅಲ್ಲ, ಭಿಕ್ಷೆ ಅಲ್ಲ.

ಇನ್ನು "ದುಡ್ಡಿಲ್ಲ, ಕಷ್ಟ, ಸಮಯ ಬೇಕು" ಎಂಬ ಹಳೇ ರಾಗಕ್ಕೆ ಒಂದು ಉತ್ತರ. 2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್. ಬ್ರೂಸ್ ಮ್ಯಾಗ್ವೈರ್ ಎಂಬ ಅಂಧ ವ್ಯಕ್ತಿ, ಕೂಟದ ವೆಬ್‌ಸೈಟ್ ತನಗೆ ಓದಲು ಬರುತ್ತಿಲ್ಲ ಎಂದು ಅಲ್ಲಿನ ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟ. ಚಿತ್ರಗಳಿಗೆ ವಿವರಣೆ ಇಲ್ಲ, ಫಲಿತಾಂಶದ ಪಟ್ಟಿ ಸಿಗುತ್ತಿಲ್ಲ. ಸಂಘಟಕರು ಏನೆಂದರು ಗೊತ್ತೇ? ವರ್ಷದ ಕೆಲಸ, ಇಪ್ಪತ್ತು ಲಕ್ಷ ಡಾಲರಿಗೂ ಮಿಕ್ಕ ಖರ್ಚು! ಮ್ಯಾಗ್ವೈರ್ ಕಡೆಯ ತಜ್ಞರು, ಒಂದು ಸಣ್ಣ ತಂಡ ನಾಲ್ಕು ವಾರದಲ್ಲಿ ಮುಗಿಸಬಹುದು ಎಂದರು. ಆಯೋಗ ಮ್ಯಾಗ್ವೈರ್ ಪರ ತೀರ್ಪು ಕೊಟ್ಟಿತು. ಸಂಘಟಕರು ಪೂರ್ತಿ ಪಾಲಿಸದಿದ್ದಾಗ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕಕ್ಕಿಸಿತು. ಕಾಲು ಶತಮಾನ ಕಳೆದಿದೆ. ನಮ್ಮಲ್ಲಿ ಅದೇ ರಾಗ, ಅದೇ ತಾಳ.

ಸರ್ಕಾರವನ್ನು ಬೈದಾಯಿತು. ಈಗ ನಮ್ಮ ಬೆನ್ನು ನೋಡಿಕೊಳ್ಳೋಣ. ನಮ್ಮ ಸಂಘಟನೆಯ ಕರಪತ್ರಗಳು ಫೋನಿನಲ್ಲಿ ಓಡಾಡುತ್ತವಲ್ಲ, ಅವು ಏನು? ಕೆಂಪು ಹಳದಿ ಬಣ್ಣದ ಚಿತ್ರಗಳು! ಕಳೆದ ಹೋರಾಟದ ಕರೆ ಹೊರಟಾಗ ನಮ್ಮ ಹುಡುಗನಿಗೆ ಗ್ರೂಪಿನಲ್ಲಿ ಬಂದದ್ದು "ಚಿತ್ರ" ಎಂಬ ಒಂದೇ ಪದ. ಎಲ್ಲಿ, ಯಾವತ್ತು, ಯಾಕೆ, ಏನೂ ಇಲ್ಲ. ಈ ಪತ್ರಿಕೆಯ ಪುಟಗಳನ್ನೂ ನಾವು ಹಳೇ ಫಾಂಟಿನಲ್ಲೇ ಕಟ್ಟಿ ಪಿಡಿಎಫ್ ಕಳಿಸುತ್ತಿದ್ದೆವು. ಕನ್ನಡಕ್ಕಾಗಿ ಪ್ರಾಣ ಕೊಡುತ್ತೇವೆ ಎನ್ನುವ ನಾವು ಅವನಿಗೆ ಕೊಟ್ಟದ್ದೂ ಪೌಂಡ್ ಗುರುತನ್ನೇ. ನನಗಾದ ಮುಖಭಂಗ ಎಂದೆನಲ್ಲ, ಅದು ಇದು.

ನಿಮ್ಮಲ್ಲಿ ಅರ್ಧಕ್ಕೆ ಅರ್ಧ ಜನ ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ. ಅಮೆರಿಕದ ಗಿರಾಕಿ ಕೇಳಿದರೆ ಇದೇ ನಿಯಮಗಳನ್ನು ಒಂದು ಚುಕ್ಕೆ ತಪ್ಪದಂತೆ ಪಾಲಿಸಿ ಕೊಡುವವರು ನೀವು. ಆದ್ದರಿಂದ ತಿಳಿಯದು ಎನ್ನಬೇಡಿ. ಮಿಕ್ಕವರಿಗೂ ಕಷ್ಟವಿಲ್ಲ. ಸರ್ಕಾರಿ ಪಿಡಿಎಫ್ ಒಂದನ್ನು ತೆರೆದು ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ. ಕನ್ನಡವೇ ಬಂದರೆ ಸರಿ. ಪೌಂಡ್ ಗುರುತು ಬಂದರೆ ಹಳೇ ಫಾಂಟು. ಸಾಲೇ ಹಿಡಿಯಲು ಬರದಿದ್ದರೆ ಫೋಟೋ. ವೆಬ್‌ಸೈಟಿನಲ್ಲಿ ಮೌಸ್ ಬಿಟ್ಟು ಟ್ಯಾಬ್ ಕೀಲಿ ಒಂದರಿಂದಲೇ ಅರ್ಜಿಯ ಕೊನೆ ಮುಟ್ಟಲು ಆಗುತ್ತದೆಯೇ ನೋಡಿ. ಟಾಕ್‌ಬ್ಯಾಕ್ ಹಾಕಿ ಕಣ್ಣು ಮುಚ್ಚಿ ಐದು ನಿಮಿಷ ಪ್ರಯತ್ನಿಸಿ. ಆಗ ಸಿಟ್ಟು ತಾನಾಗಿ ಬರುತ್ತದೆ.

ಸಿಟ್ಟು ಬಂದ ಮೇಲೆ ಬೋರ್ಡಿಗೆ ಮಸಿ ಬಳಿಯಬೇಡಿ, ಕಾಗದದ ಮೇಲೆ ಬಳಿಯಿರಿ. ಯಾವ ಪುಟ, ಯಾವ ದಿನ, ಏನು ತೊಡಕು ಎಂದು ಬರೆದು ಇಲಾಖೆಗೆ ಕಳಿಸಿ. ಪ್ರತಿಯನ್ನು ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ಕಳಿಸಿ. 2016ರ ಕಾಯ್ದೆ ಆ ಹುದ್ದೆಯನ್ನು ಇಟ್ಟಿರುವುದೇ ಇಂಥ ದೂರು ವಿಚಾರಿಸಲು. ಅದೇ ಕಾಯ್ದೆಯ 89ನೇ ಕಲಂನಲ್ಲಿ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ, ಮತ್ತೆ ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ಮಾಹಿತಿ ಹಕ್ಕಿನಲ್ಲಿ ಒಂದು ಪ್ರಶ್ನೆ ಹಾಕಿ: ನಿಮ್ಮ ಇಲಾಖೆಯ ವೆಬ್‌ಸೈಟನ್ನು, ಅದರ ಕನ್ನಡ ಪುಟಗಳನ್ನು, ಸ್ಕ್ರೀನ್ ರೀಡರ್ ಬಳಸುವ ಒಬ್ಬ ಅಂಧ ವ್ಯಕ್ತಿಯ ಕೈಲಿ ಯಾವತ್ತಾದರೂ ಪರೀಕ್ಷೆ ಮಾಡಿಸಿದ್ದೀರಾ? ತಾರೀಖು ಕೊಡಿ. ಇಷ್ಟೇ ಸಾಕು, ಕುರ್ಚಿಗಳು ಅಲ್ಲಾಡುತ್ತವೆ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕಚೇರಿಗೆ ಬನ್ನಿ. ಆ ಹುಡುಗ ಬರುತ್ತಾನೆ, ಅವನ ಜೊತೆ ಇನ್ನೂ ಮೂವರು ಸ್ನೇಹಿತರು ಬರುತ್ತಾರೆ. ನೀವು ನಿಮ್ಮ ನಿಮ್ಮ ಇಲಾಖೆ ಆರಿಸಿಕೊಳ್ಳಿ, ಅವರು ಓದಿಸಿ ನೋಡುತ್ತಾರೆ, ನೀವು ದೂರು ಬರೆಯಿರಿ. ಮೊದಲ ಪರೀಕ್ಷೆ ಮಾತ್ರ ನಮ್ಮ ಪತ್ರಿಕೆಯದ್ದೇ ಎಂದು ಅವನು ಆಗಲೇ ಹೇಳಿಬಿಟ್ಟಿದ್ದಾನೆ. ಬರುವಾಗ ಇಯರ್‌ಫೋನ್ ತನ್ನಿ, ನಾಲ್ಕು ದನಿ ಒಟ್ಟಿಗೆ ಕೇಳಿದರೆ ತಲೆ ಕೆಡುತ್ತದೆ. ಕಾಫಿ ನಮ್ಮದು.